ಸ್ಯಾಟಲೈಟ್‌ನಲ್ಲಿ ಪರದಾಡದೆ ಮೈಸೂರು ಬಸ್ ಹತ್ತುವುದು ಹೇಗೆ?

ಬೆಂಗಳೂರಿನಲ್ಲಿ 'ಸ್ಯಾಟಲೈಟ್' ಎಂದರೆ ಸಾಕು, ಯಾವ ಆಟೊದವರಿಗೂ ಗೊತ್ತಾಗುತ್ತದೆ. ಕೆಎಸ್‌ಆರ್‌ಟಿಸಿ ಟಿಕೆಟ್ ಬುಕ್ ಮಾಡುವಾಗ ಮಾತ್ರ 'ಮೈಸೂರು ರಸ್ತೆ ಬಸ್ ನಿಲ್ದಾಣ' ಎಂಬ ಹೆಸರು ಕಾಣುತ್ತದೆ. ಎರಡೂ ಒಂದೇ, ಗಾಬರಿ ಬೇಡ.

ಹೊರಡುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ಮೈಸೂರು, ಮಂಡ್ಯ, ಮಡಿಕೇರಿ, ಊಟಿ, ಕೇರಳದ ಕಡೆ ಹೋಗುವವರಿಗೆ ಸ್ಯಾಟಲೈಟ್ ಸರಿ. ಹಾಸನ, ಶಿವಮೊಗ್ಗ, ಮಂಗಳೂರಿನ ಬಸ್‌ಗಳು ಸಾಮಾನ್ಯವಾಗಿ ಮೆಜೆಸ್ಟಿಕ್‌ನಿಂದ ತುಮಕೂರು ರಸ್ತೆ ಹಿಡಿಯುತ್ತವೆ. ಅವಕ್ಕಾಗಿ ಇಲ್ಲಿ ಕಾದರೆ ಸುಮ್ನೆ ಹೊತ್ತು ಹೋಗುತ್ತದೆ.

ಇನ್ನು ತಲುಪುವ ದಾರಿ. ನೇರಳೆ ಮಾರ್ಗದ ಮೆಟ್ರೊ ಒಳ್ಳೆಯದು, ಏಕೆಂದರೆ ಸಂಜೆ ಹೊತ್ತು ಮೈಸೂರು ರಸ್ತೆಯ ಟ್ರಾಫಿಕ್ ನಂಬುವಂತಿಲ್ಲ. ಆದರೆ ಹೆಸರು ನೋಡಿ 'ಮೈಸೂರು ರಸ್ತೆ' ಮೆಟ್ರೊ ನಿಲ್ದಾಣದಲ್ಲಿ ಇಳಿಯಬೇಡಿ. ಮೆಜೆಸ್ಟಿಕ್ ಕಡೆಯಿಂದ ಬಂದರೆ ಅದಕ್ಕಿಂತ ಒಂದು ನಿಲ್ದಾಣ ಮೊದಲೇ ದೀಪಾಂಜಲಿ ನಗರ ಸಿಗುತ್ತದೆ. ಅಲ್ಲಿಳಿದು ಸಿಟಿ ಕಡೆಗೆ ಸುಮಾರು ಹತ್ತು ನಿಮಿಷ ನಡೆದರೆ ಬಸ್ ನಿಲ್ದಾಣ. ದೊಡ್ಡ ಲಗೇಜ್ ಇದ್ದರೆ ಆಟೊ ಹಿಡಿಯಿರಿ. ಭಾನುವಾರ ಮೆಟ್ರೊ ಬೆಳಿಗ್ಗೆ 7ಕ್ಕೆ ಶುರು. ಅಂದು ಬೇಗ ಹೊರಡುವವರು ಬಿಎಂಟಿಸಿಯನ್ನೇ ನೆಚ್ಚಿಕೊಳ್ಳಬೇಕು.

ಬನಶಂಕರಿ ಕಡೆಯಿಂದ ಹೊರವರ್ತುಲ ರಸ್ತೆಯಲ್ಲಿ ಬರುವವರು ನಾಯಂಡಹಳ್ಳಿಯಲ್ಲಿ ಇಳಿದು ಮೆಟ್ರೊ ಹತ್ತಬಹುದು. ಅಲ್ಲಿ ಎಲ್ಲರಿಗೂ ಬರುವ ಪ್ರಶ್ನೆ: ಹಿಂದಕ್ಕೆ ಸ್ಯಾಟಲೈಟ್‌ಗೆ ಹೋಗುವುದಾ, ಮುಂದೆ ಕೆಂಗೇರಿಗಾ? ಒಬ್ಬರೇ ಇದ್ದು ಅವಸರವಿದ್ದರೆ ಕೆಂಗೇರಿ. ವಯಸ್ಸಾದವರೋ ಮಕ್ಕಳೋ ಜೊತೆಗಿದ್ದರೆ ಹಿಂದಕ್ಕೇ ಹೋಗಿ. ಶುಕ್ರವಾರ ಸಂಜೆ, ದಸರಾ ಸಮಯದಲ್ಲಿ ಬಸ್ ಕೆಂಗೇರಿಗೆ ಬರುವಷ್ಟರಲ್ಲಿ ತುಂಬಿರುತ್ತದೆ. ಮೂರು ಗಂಟೆ ನಿಂತು ಹೋಗುವ ಕಷ್ಟ ಯಾರಿಗೂ ಬೇಡ.

ನಿಲ್ದಾಣದೊಳಗೆ ಬಂದಿರಾ? ಈಗ ಬೋರ್ಡ್ ನೋಡುವುದಷ್ಟೇ ಸಾಲದು, ಬಾಯಿಬಿಟ್ಟು ಕೇಳಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ತಡೆರಹಿತ ಬಸ್‌ಗಳು ರಾಮನಗರ, ಚನ್ನಪಟ್ಟಣ, ಮದ್ದೂರಿನ ಒಳಗೆ ಹೋಗದೆ ಬೈಪಾಸ್ ಹಿಡಿಯುತ್ತವೆ. ಮೊದಲಿನಂತೆ 'ಮೈಸೂರು ಬಸ್ ತಾನೇ, ದಾರೀಲಿ ಇಳಿಯೋಣ' ಎಂದು ಹತ್ತಿ, ತಮ್ಮ ಊರು ಪಕ್ಕದಲ್ಲೇ ಸರಿದುಹೋಗುವಾಗ ಎದ್ದು ನಿಂತು ಕೂಗುವವರನ್ನು ನೋಡಿದ್ದೇನೆ. ಪಾಪ ಅನ್ನಿಸುತ್ತದೆ. ಹತ್ತುವ ಮೊದಲೇ ಕಂಡಕ್ಟರ್‌ಗೆ ಹೀಗೆ ಕೇಳಿ: 'ಸಾರ್, ಚನ್ನಪಟ್ಟಣ ಊರೊಳಗೆ ಹೋಗುತ್ತಾ, ಬೈಪಾಸಾ?' ಬರೀ 'ಚನ್ನಪಟ್ಟಣ ಹೋಗುತ್ತಾ' ಎಂದರೆ ಗದ್ದಲದಲ್ಲಿ ಉತ್ತರ ಏನೋ ಆಗಿಬಿಡಬಹುದು.

ಮಹಿಳೆಯರು ಇನ್ನೊಂದನ್ನೂ ಗಮನಿಸಿ. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯದೊಳಗಿನ ಸಾಮಾನ್ಯ ಬಸ್‌ಗಳಿಗೆ ಮಾತ್ರ. ರಾಜಹಂಸ, ಐರಾವತಕ್ಕೆ ಇಲ್ಲ. ಕೇರಳಕ್ಕೋ ಊಟಿಗೋ ಹೋಗುವ ಅಂತರರಾಜ್ಯ ಬಸ್‌ನಲ್ಲಿ ಮೈಸೂರಿನಲ್ಲೇ ಇಳಿದರೂ ದುಡ್ಡು ಕೊಡಬೇಕು. ಕರ್ನಾಟಕದ ವಿಳಾಸವಿರುವ ಆಧಾರ್ ಕೈಗೆ ಸಿಗುವಂತಿರಲಿ. ಶೂನ್ಯ ಟಿಕೆಟ್ ಪಡೆಯುವುದನ್ನು ಮರೆಯಬೇಡಿ.

ಇಂಥ ನಿಲ್ದಾಣದ ಜೀವ ಇರುವುದು ಸಿಟಿ ಬಸ್ಸು, ಮೆಟ್ರೊ ಹತ್ತಿರ ಸಿಗುವುದರಲ್ಲಿ. ಪೀಣ್ಯದಲ್ಲಿ 2014ರಲ್ಲಿ ತೆರೆದ ಬಸವೇಶ್ವರ ಬಸ್ ನಿಲ್ದಾಣ ನೆನಪಿದೆಯಲ್ವಾ? ಕಟ್ಟಡ ಚೆನ್ನಾಗಿತ್ತು, ಅಲ್ಲಿಗೆ ಬಂದು ಹೋಗುವುದೇ ಜನರಿಗೆ ಕಷ್ಟವಾಯಿತು. ಬಸ್‌ಗಳು ಮೆಜೆಸ್ಟಿಕ್‌ಗೇ ಮರಳಿದವು.

ವಾಪಸ್ ಬರುವಾಗ ಲೆಕ್ಕ ಬೇರೆ. ಮನೆ ಇಂದಿರಾನಗರ, ವೈಟ್‌ಫೀಲ್ಡ್ ಕಡೆ ಇದ್ದರೆ ಸ್ಯಾಟಲೈಟ್‌ವರೆಗೆ ಕೂರಬೇಡಿ. ಕೆಂಗೇರಿಯಲ್ಲೇ ಇಳಿದು ಮೆಟ್ರೊ ಹತ್ತಿ. 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟ–ವೈಟ್‌ಫೀಲ್ಡ್ ನೇರ ರೈಲಿದೆ, ಆರಂಭದ ನಿಲ್ದಾಣಗಳಾದ್ದರಿಂದ ಸೀಟೂ ಸಿಗುವ ಸಾಧ್ಯತೆ ಜಾಸ್ತಿ. ಮೆಟ್ರೊ ನಿಂತ ಮೇಲೆ ತಲುಪುವ ಬಸ್ಸಾದರೆ ಸ್ಯಾಟಲೈಟ್‌ಗೇ ಬನ್ನಿ, ಕತ್ತಲಲ್ಲಿ ರಸ್ತೆ ಬದಿ ನಿಲ್ಲುವುದಕ್ಕಿಂತ ಅದು ವಾಸಿ. ಕೆಂಗೇರಿಯಲ್ಲಿ ಇಳಿಯುವುದಾದರೆ ಬಿಡದಿ ಬಂದಾಗಲೇ ಕಂಡಕ್ಟರ್‌ಗೆ ಹೇಳಿಟ್ಟು, ಬ್ಯಾಗ್ ಕೆಳಗಿಳಿಸಿಕೊಂಡು ಕೂತಿರಿ.