ಹಿರಿಯರ ಆರೈಕೆ ಕೇಂದ್ರ: ಸೇರಿಸುವ ಮುನ್ನ ಏನೇನು ನೋಡಬೇಕು

ಮುಂಭಾಗದ ಹಾಲ್, ಹೂಕುಂಡ, ಮ್ಯಾನೇಜರರ ನಗುಮುಖ ನೋಡಿ ಏನನ್ನೂ ತೀರ್ಮಾನಿಸಬೇಡಿ. ತಾವಾಗಿ ಎದ್ದು ಕೂರಲಾಗದ, ಬಾಯಿಬಿಟ್ಟು ದೂರು ಹೇಳಲಾಗದ ಹಿರಿಯರು ಅಲ್ಲಿ ಹೇಗಿದ್ದಾರೆ ಎಂದು ನೋಡಿ. ಓಡಾಡಿಕೊಂಡಿರುವವರನ್ನು ಯಾವ ಕೇಂದ್ರವಾದರೂ ಹೇಗೋ ನಿಭಾಯಿಸುತ್ತದೆ.

ಕನಿಷ್ಠ ಮೂರು ಸಲ ಹೋಗಿ. ಮೊದಲ ಸಲ ಹೇಳಿ ಹೋಗಿ, ಎರಡನೆಯ ಸಲ ಹೇಳದೆ ಊಟದ ಹೊತ್ತಿಗೆ, ಮೂರನೆಯ ಸಲ ರಜಾದಿನದ ಸಂಜೆ 7ರ ನಂತರ. ಬೇರೆಯವರ ಕೋಣೆಯೊಳಗೆ ಬಿಡದಿರುವುದು ಸರಿಯೇ. ಊಟದ ಹಾಲಿಗೂ ಬಿಡುವುದಿಲ್ಲ ಎಂದರೆ ಅನುಮಾನಿಸಿ.

ಒಂದು ಕೋಣೆಯಲ್ಲಿ ಮೂತ್ರದ ವಾಸನೆ ಬಂದು ಅರ್ಧ ಗಂಟೆಯಲ್ಲಿ ಹೋದರೆ ಚಿಂತೆಯಿಲ್ಲ. ಇಡೀ ಕಾರಿಡಾರ್ ಸದಾ ನಾರುತ್ತಿದ್ದರೆ ಡಯಾಪರ್ ಹೊತ್ತಿಗೆ ಸರಿಯಾಗಿ ಬದಲಾಗುತ್ತಿಲ್ಲ, ಇಲ್ಲವೇ ಹಾಸಿಗೆಗಳೇ ವಾಸನೆ ಹೀರಿಕೊಂಡಿವೆ. ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆಯನ್ನೂ ಶುಚಿತ್ವವೆಂದು ನಂಬಬೇಡಿ.

ಆಮೇಲೆ ಜನರನ್ನು ನೋಡಿ: ಉಗುರು, ಒಣಗಿದ ತುಟಿ, ಕನ್ನಡಕದ ಗಾಜು. ಕಿವಿಯ ಮಷೀನು ಡ್ರಾಯರಿನಲ್ಲಿ ಬಿದ್ದಿದ್ದರೆ, ಕೇಳಿಸದೆ ಸುಮ್ಮನಿರುವವರನ್ನು 'ಬುದ್ಧಿ ಮಂಕಾಗಿದೆ' ಎಂದು ಎಣಿಸುವುದು ಬಹಳ ಸುಲಭ. ಪಾರ್ಶ್ವವಾಯುವಿನಿಂದ ಬಲಗೈ ಸೋತವರಿಗೆ ನೀರಿನ ಲೋಟ ಎಡಗಡೆ ಇದೆಯೇ? ಬಲಗಡೆ ಇಟ್ಟ ಲೋಟ ಸಂಜೆಯವರೆಗೂ ತುಂಬಿಯೇ ಇರುತ್ತದೆ.

ಕರೆಗಂಟೆ ಬಾರಿಸಿದಾಗ ಗಡಿಯಾರ ನೋಡಿಕೊಳ್ಳಿ. ಐದು ನಿಮಿಷದೊಳಗೆ ಯಾರಾದರೂ ಬಂದರೆ ಒಪ್ಪಬಹುದು. ಮತ್ತೆ ಮತ್ತೆ ಹತ್ತು ನಿಮಿಷ ದಾಟಿದರೆ ಕಾದು ಸಾಕಾದವರು ತಾವೇ ಶೌಚಾಲಯಕ್ಕೆ ಹೊರಡುತ್ತಾರೆ, ದಾರಿಯಲ್ಲಿ ಬೀಳುತ್ತಾರೆ. ಗಂಟೆಯ ಗುಂಡಿ ಮಂಚದ ಹಿಂದೆ ನೇತಾಡುತ್ತಿದ್ದರೆ ಅದು ಇದ್ದೂ ಇಲ್ಲದಂತೆ.

ಸಿಬ್ಬಂದಿ ಎಷ್ಟು ಎಂದು ಕೇಳಿದರೆ ಅಡುಗೆಯವರು, ಕಚೇರಿಯವರು ಎಲ್ಲರನ್ನೂ ಸೇರಿಸಿದ ಲೆಕ್ಕ ಬರುತ್ತದೆ. ಪ್ರಶ್ನೆ ಹೀಗಿರಲಿ: "ರಾತ್ರಿ 2 ಗಂಟೆಗೆ ಈ ಮಹಡಿಯಲ್ಲಿ ಕೈಹಿಡಿದು ಎಬ್ಬಿಸುವವರು ಎಷ್ಟು ಜನ? ಅವರ ಪಾಲಿಗೆ ಎಷ್ಟು ಹಿರಿಯರು?" ಇಲ್ಲಿಗೆ ಬಂದು ಎಷ್ಟು ದಿನವಾಯಿತು ಎಂದು ಆರೈಕೆ ಮಾಡುವವರನ್ನೇ ವಿಚಾರಿಸಿ. ತಿಂಗಳಿಗೊಬ್ಬರು ಬದಲಾಗುವ ಕಡೆ, ಅಜ್ಜಿ ಇವತ್ತು ಅರ್ಧ ಊಟ ಬಿಟ್ಟಿದ್ದು ಹೊಸದೋ ಎಂದಿನಂತೆಯೋ ಯಾರಿಗೂ ಗೊತ್ತಾಗುವುದಿಲ್ಲ.

ಹಾಸಿಗೆ ಹುಣ್ಣಿನ (ಒಂದೇ ಮಗ್ಗುಲಲ್ಲಿ ಮಲಗಿ ಚರ್ಮ ಒತ್ತಿ ಆಗುವ ಗಾಯ) ವಿಷಯ ಬಿಡಿಸಿ ಕೇಳಿ: ಈಗ ಎಷ್ಟು ಜನರಿಗಿದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು? ಕೆಲವರು ಆಸ್ಪತ್ರೆಯಿಂದಲೇ ಹುಣ್ಣು ಹೊತ್ತು ಬರುತ್ತಾರೆ, ಹಾಗಾಗಿ ಎರಡು ಲೆಕ್ಕವೂ ಬೇಕು. ಹಾಸಿಗೆ ಹಿಡಿದವರಿಗೆ ಸಾಮಾನ್ಯವಾಗಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಚರ್ಮದ ಸ್ಥಿತಿ, ಹಾಸಿಗೆಯ ಬಗೆ ನೋಡಿ ಈ ಅಂತರ ಹೆಚ್ಚು ಕಡಿಮೆಯಾಗಬಹುದು. ಮಗ್ಗುಲು ಬದಲಿಸಿದ ಹೊತ್ತು ಬರೆದಿಡುವ ಚಾರ್ಟ್ ಒಂದನ್ನು ಮಾದರಿಗೆ ಹೆಸರು ಮುಚ್ಚಿ ತೋರಿಸಲು ಹೇಳಿ. 10, 12, 2, 4 ಎಂದು ಒಂದು ನಿಮಿಷವೂ ಆಚೀಚೆಯಾಗದೆ ಒಂದೇ ಕೈಬರಹದಲ್ಲಿ ತುಂಬಿದ್ದರೆ ಕೂತಲ್ಲೇ ಬರೆದಿರಬಹುದು. ಇನ್ನೂ ಆಗದ 6 ಗಂಟೆಯ ಖಾನೆ 4ಕ್ಕೇ ತುಂಬಿದ್ದರಂತೂ ಕೇಳುವುದೇ ಬೇಡ.

ತೂಕದ ದಾಖಲೆ ಪ್ರತಿ ತಿಂಗಳೂ ಇರಬೇಕು. ಒಂದು ತಿಂಗಳಲ್ಲಿ ಶೇ. 5, ಆರು ತಿಂಗಳಲ್ಲಿ ಶೇ. 10 ಇಳಿದರೆ ವೈದ್ಯರು ನೋಡಲೇಬೇಕು. 60 ಕೆಜಿ ಇದ್ದವರಿಗೆ ತಿಂಗಳಿಗೆ 3 ಕೆಜಿ ಅಂದರೆ ಸಣ್ಣ ಮಾತಲ್ಲ.

ಊಟ ಮಾಡಿಸುವವರು ಪಕ್ಕದಲ್ಲಿ ಕೂತಿರಬೇಕು, ಚಿಕ್ಕ ತುತ್ತು ಕೊಟ್ಟು ನುಂಗುವವರೆಗೆ ಕಾಯಬೇಕು, ಉಂಡ ಮೇಲೆ ಅರ್ಧ ಗಂಟೆಯಾದರೂ ನೆಟ್ಟಗೆ ಕೂರಿಸಿರಬೇಕು. ನಿಂತುಕೊಂಡೇ ಮೂವರಿಗೆ ಸರದಿಯಲ್ಲಿ ತುರುಕಿದರೆ, ಮಲಗಿದವರಿಗೆ ಹಾಗೆಯೇ ಉಣಿಸಿದರೆ, ಆಹಾರ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು.

ಬೆಳಗ್ಗೆ 11ಕ್ಕೇ ಹೆಚ್ಚಿನವರು ಕುರ್ಚಿಯಲ್ಲಿ ತಲೆ ವಾಲಿಸಿ ತೂಕಡಿಸುತ್ತಿದ್ದರೆ ಮಾತ್ರೆಗಳ ಬಗ್ಗೆ ಕೇಳಿ. ಮರೆಗುಳಿ ಕಾಯಿಲೆಯವರನ್ನು ಸುಮ್ಮನಾಗಿಸಲು ಕೊಡುವ ಆಂಟಿಸೈಕೋಟಿಕ್ (ಮೂಲತಃ ತೀವ್ರ ಮನೋರೋಗಕ್ಕೆ ಕೊಡುವ) ಔಷಧಗಳು ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚಿಸುತ್ತವೆ. ಯಾರು ಬರೆದುಕೊಟ್ಟರು, ಮನೆಯವರ ಒಪ್ಪಿಗೆ ಇದೆಯೇ, ನಿಲ್ಲಿಸಬಹುದೇ ಎಂದು ಮತ್ತೆ ಯಾವಾಗ ನೋಡುತ್ತಾರೆ?

ಬಚ್ಚಲಲ್ಲಿ ಹಿಡಿಕೆಗಳನ್ನು ಹಿಡಿದು ಜಗ್ಗಿ ನೋಡಿ, ಟವೆಲ್ ಸ್ಟ್ಯಾಂಡ್ ಮೈಭಾರ ತಡೆಯುವುದಿಲ್ಲ. ನೀರು 60 ಡಿಗ್ರಿ ಸೆಲ್ಸಿಯಸ್ ಇದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಟ್ಯಾಂಕಿನಲ್ಲಿ ಅಷ್ಟು ಬಿಸಿ ಇರುವುದು ಬ್ಯಾಕ್ಟೀರಿಯಾ ಬೆಳೆಯದಿರಲೆಂದು. ಮೈಮೇಲೆ ಬೀಳುವಾಗ ಅದು 44 ಡಿಗ್ರಿ ದಾಟದಂತೆ ತಣ್ಣೀರು ಬೆರೆಸುವ ಮಿಕ್ಸಿಂಗ್ ವಾಲ್ವ್ ಬೇಕು.

ಒಪ್ಪಂದಕ್ಕೆ ಅದೇ ದಿನ ಸಹಿ ಹಾಕಬೇಡಿ, ಪ್ರತಿಯನ್ನು ಮನೆಗೆ ತನ್ನಿ. ಬೇರೆಯಾಗಿ ಹಣ ಕೇಳುವುದು ಯಾವುದಕ್ಕೆ, ಆಸ್ಪತ್ರೆಯಲ್ಲಿರುವ ದಿನಗಳಿಗೂ ಶುಲ್ಕ ಉಂಟೇ, ಆರೈಕೆ ಹೆಚ್ಚು ಬೇಕಾದಾಗ ಹೊರಡಿ ಎನ್ನುತ್ತಾರೆಯೇ, ಠೇವಣಿ ಎಷ್ಟು ದಿನದಲ್ಲಿ ಮರಳುತ್ತದೆ, ಇವಿಷ್ಟೂ ಬರಹದಲ್ಲಿರಬೇಕು.

ಸೇರಿಸುವ ದಿನ ನಿಮ್ಮ ಎದುರೇ ತೂಕ ನೋಡಿಸಿ. ಹಿಮ್ಮಡಿ, ಸೊಂಟ, ಬೆನ್ನಿನ ಕೆಳತುದಿಯ ಚರ್ಮ ಹೇಗಿದೆ ಎಂದು ಬರೆಸಿ, ಎರಡೂ ಕಡೆಯವರು ಸಹಿ ಹಾಕಿ. ಮುಂದೆ ಹುಣ್ಣು ಕಂಡರೆ ಅದು ಎಲ್ಲಿಂದ ಬಂತೆಂಬ ವಾದ ಆ ಕಾಗದ ನೋಡಿದರೆ ಬಗೆಹರಿಯುತ್ತದೆ.