ಹಳೆ ಕಾರಿನ ಸಸ್ಪೆನ್ಷನ್: ಯಾವುದು ಮೊದಲು, ಯಾವುದು ಕಡೆಗೆ?

ತಿರುವಿನಲ್ಲಿ ಓಲಾಡುತ್ತದೆ. ಬ್ರೇಕ್ ಒತ್ತಿದರೆ ಮುಂದಕ್ಕೆ ಮುಗ್ಗರಿಸುತ್ತದೆ. ನೇರ ರಸ್ತೆಯಲ್ಲೂ ಸ್ಟೇರಿಂಗನ್ನು ಅತ್ತಿತ್ತ ತಿದ್ದುತ್ತಲೇ ಇರಬೇಕು. ಹತ್ತು ಹದಿನೈದು ವರ್ಷ ಓಡಿದ ಕಾರಿನ ಬಗ್ಗೆ ಕೇಳಿಬರುವ ದೂರುಗಳು ಹೆಚ್ಚುಕಮ್ಮಿ ಇವೇ. ಸಿಗುವ ಸಲಹೆಯೂ ಹೆಚ್ಚುಕಮ್ಮಿ ಒಂದೇ: ಗಟ್ಟಿ ಸ್ಪ್ರಿಂಗ್ ಹಾಕಿಸಿ, ಗಾಡಿಯನ್ನು ಸ್ವಲ್ಪ ತಗ್ಗಿಸಿ.

ಆ ಸಲಹೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಉಕ್ಕಿನ ಸ್ಪ್ರಿಂಗ್ ವರ್ಷಗಳಾದಂತೆ ಸ್ವಲ್ಪ ಕುಸಿಯಬಹುದು, ತುಕ್ಕು ಹಿಡಿದು ಮುರಿಯಲೂಬಹುದು. ಆದರೆ ಅದರ ಗಡಸುತನ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಸವೆಯುವುದು ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್, ಎಲ್ಲ ಕಡೆ ತಿರುಗುವ ಗುಂಡು ಕೀಲಾದ ಬಾಲ್ ಜಾಯಿಂಟ್, ಶಾಕ್ ಅಬ್ಸಾರ್ಬರ್ ಒಳಗಿನ ಸೀಲು ಮತ್ತು ಎಣ್ಣೆ. ಸವೆದ ಕೀಲುಗಳ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸಿದರೆ ಓಲಾಟದ ಜೊತೆಗೆ ಕುಲುಕಾಟವೂ ಸೇರಿಕೊಳ್ಳುತ್ತದೆ, ಅಷ್ಟೆ. 1962ರಲ್ಲಿ ಬಂದ ಲೋಟಸ್ ಎಲಾನ್ ಕಾರನ್ನೇ ನೋಡಿ. ಅದರ ಸ್ಪ್ರಿಂಗ್ ಮೆತ್ತಗಿತ್ತು. ಆದರೂ ರಸ್ತೆ ಹಿಡಿತದ ಮಾತು ಬಂದಾಗಲೆಲ್ಲ ಇವತ್ತಿಗೂ ಅದರ ಹೆಸರು ಬರುತ್ತದೆ.

ಹಾಗಾಗಿ ಖರ್ಚು ಮಾಡುವ ಮುಂಚೆ ಕ್ರಮ ಗೊತ್ತಿರಬೇಕು.

ದೂರು ಏನೆಂದು ಮೊದಲು ಗುರುತಿಸಿ

ಪರಿಚಯದ ರಸ್ತೆಯಲ್ಲಿ, ಹಾಡು ನಿಲ್ಲಿಸಿ, ಕಿಟಕಿ ಇಳಿಸಿ ಒಂದು ಸುತ್ತು ಹೋಗಿ ಬನ್ನಿ. ಉಬ್ಬು ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಮೇಲೆ ಕೆಳಗೆ ಆಡುತ್ತಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ. ಸಣ್ಣ ಗುಂಡಿಗಳಲ್ಲಿ ಕಟಕಟ ಎನ್ನುತ್ತಿದ್ದರೆ, ವಾಲುವುದನ್ನು ತಡೆಯುವ ಬಾರನ್ನು ಚಕ್ರದ ಕಡೆಗೆ ಜೋಡಿಸುವ ಲಿಂಕ್ ರಾಡ್ ಸಡಿಲವಾಗಿರುವ ಸಾಧ್ಯತೆ ಜಾಸ್ತಿ. ಬ್ರೇಕ್ ಹಾಕಿದಾಗ ‘ದಡ್’ ಎಂದು ಒಂದೇ ಒಂದು ಸದ್ದು ಬಂದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಬಾಡಿಗೆ ಜೋಡಿಸುವ ತೋಳು) ಬುಷ್ ನೋಡಿಸಿ. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದಷ್ಟು ಗಾಡಿ ತಿರುಗದೆ ಮುಂಭಾಗ ಹೊರಕ್ಕೆ ಜಾರಿದರೆ ಅದು ಅಂಡರ್‌ಸ್ಟಿಯರ್. ಹಿಂಭಾಗ ಜಾರಿದರೆ ಓವರ್‌ಸ್ಟಿಯರ್.

ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ‘ಹ್ಯಾಂಡ್ಲಿಂಗ್ ಸರಿ ಇಲ್ಲ’ ಎಂದಷ್ಟೇ ಹೇಳಿದರೆ ಮೆಕ್ಯಾನಿಕ್ ತಾನೇ ಏನು ಮಾಡಬೇಕು? ಕೈಗೆ ಸಿಕ್ಕಿದ್ದನ್ನು ಬದಲಿಸುತ್ತಾರೆ.

ಟೈರ್ ನೋಡದೆ ಮುಂದೆ ಹೋಗಬೇಡಿ

ಒಂದೊಂದು ಟೈರು ನೆಲಕ್ಕೆ ತಾಗುವುದು ಹೆಚ್ಚುಕಮ್ಮಿ ಅಂಗೈಯಷ್ಟು ಜಾಗದಲ್ಲಿ. ಸಸ್ಪೆನ್ಷನ್ ಮಾಡುವ ಕೆಲಸವೆಲ್ಲ ಆ ನಾಲ್ಕು ಅಂಗೈಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದೇ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ರಬ್ಬರು ವಯಸ್ಸಾದಂತೆ ಗಡಸಾಗುತ್ತದೆ. ಕಡಿಮೆ ಓಡುವ ಕಾರಿನಲ್ಲಿ ಗೆರೆಗಳೆಲ್ಲ ಹೊಸದರಂತೆ ಕಾಣುತ್ತವೆ, ಆದರೆ ಹಿಡಿತ ಹೋಗಿರುತ್ತದೆ. ಆರು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಪರೀಕ್ಷೆ ಮಾಡಿಸಿ. ಹತ್ತು ವರ್ಷ ಆಗಿದ್ದರೆ ಯೋಚನೆ ಮಾಡದೆ ಬದಲಿಸಿ. ಗಾಳಿಯ ಒತ್ತಡ ನೋಡುವುದು ಟೈರು ತಣ್ಣಗಿದ್ದಾಗ, ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಬರೆದಿರುವ ಲೆಕ್ಕದಂತೆ.

ದೊಡ್ಡ ರಿಮ್ ಹಾಕುವ ಆಸೆ ಇದ್ದರೆ ತೂಕ ನೋಡಿ ಕೊಳ್ಳಿ. ಚಕ್ರ ಭಾರವಾದಷ್ಟೂ ಶಾಕ್‌ಗೆ ಅದನ್ನು ಹದ್ದುಬಸ್ತಿನಲ್ಲಿಡುವುದು ಕಷ್ಟ.

ಬುಷ್: ಯಾರ ಕಣ್ಣಿಗೂ ಬೀಳದ ಜಾಗ

ನನ್ನ ಪ್ರಕಾರ ಹಳೆ ಕಾರಿನಲ್ಲಿ ಹಾಕಿದ ದುಡ್ಡಿಗೆ ಹೆಚ್ಚು ಫಲ ಸಿಗುವುದು ಇಲ್ಲಿಯೇ. ಆದರೆ ಇದರಲ್ಲಿ ತೋರಿಸಿಕೊಳ್ಳುವುದಕ್ಕೆ ಏನೂ ಇಲ್ಲ. ಕಪ್ಪು ರಬ್ಬರ್ ತುಂಡು ಹೋಗಿ ಇನ್ನೊಂದು ಕಪ್ಪು ರಬ್ಬರ್ ತುಂಡು ಬರುತ್ತದೆ. ಅದಕ್ಕೇ ಜನ ಇದನ್ನು ಬಿಟ್ಟು ಮುಂದಕ್ಕೆ ಜಿಗಿಯುತ್ತಾರೆ.

ಗಾಡಿಯನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಕೆಳಗೆ ತಲೆ ತೂರಿಸಬೇಡಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಾಡಿಸಿ. ಆಟ ಇದ್ದರೆ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್ ಹೋಗಿದೆ. ಎಡಬಲ ಹಿಡಿದು ಅಲುಗಾಡಿಸಿದಾಗ ಆಟ ಸಿಕ್ಕರೆ, ಸ್ಟೇರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ಟೈ ರಾಡ್ ಎಂಡ್ ಕಡೆ ನೋಡಿ. ಆಮೇಲೆ ಲೋವರ್ ಆರ್ಮ್ ಬುಷ್ ಬಳಿ ಉದ್ದ ಸಲಾಕೆ ಹಾಕಿ ಮೆಲ್ಲಗೆ ಮೀಟಿ. ರಬ್ಬರಿನ ಮೇಲ್ಮೈಯಲ್ಲಿ ಸಣ್ಣ ಗೆರೆ ಬಿಟ್ಟಿದ್ದರೆ ಅಂಥ ಚಿಂತೆ ಇಲ್ಲ. ರಬ್ಬರು ಕಬ್ಬಿಣದಿಂದ ಬಿಟ್ಟುಕೊಂಡಿದ್ದರೆ, ಬಿರುಕು ಒಳಗಿನ ತನಕ ಹೋಗಿದ್ದರೆ ಬದಲಿಸಲೇಬೇಕು.

ಈಗ ಪ್ರಶ್ನೆ: ರಬ್ಬರೇ ಹಾಕಿಸುವುದೋ, ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ (‘ಪಾಲಿ’) ಹಾಕಿಸುವುದೋ? ಪಾಲಿ ಗಡಸು, ಬಾಳಿಕೆ ಜಾಸ್ತಿ, ಸ್ಟೇರಿಂಗ್ ಚುರುಕಾಗುತ್ತದೆ. ಜೊತೆಗೆ ರಸ್ತೆಯ ಅದುರು ಕ್ಯಾಬಿನ್ನಿಗೆ ಬರುತ್ತದೆ, ಗ್ರೀಸ್ ಒಣಗಿದರೆ ಕಿರುಗುಟ್ಟುತ್ತದೆ. ಇನ್ನೊಂದು ವಿಷಯವನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಕೆಲವು ಬುಷ್‌ಗಳಲ್ಲಿ ಬೇಕೆಂದೇ ಸೀಳು ಬಿಟ್ಟಿರುತ್ತಾರೆ. ಒಂದು ದಿಕ್ಕಿಗೆ ಬಿಗಿ, ಇನ್ನೊಂದು ದಿಕ್ಕಿಗೆ ಮೆತ್ತಗೆ ಇರಲಿ, ಗುಂಡಿಗೆ ಬಡಿದಾಗ ಚಕ್ರ ಕೂದಲೆಳೆಯಷ್ಟು ಹಿಂದಕ್ಕೆ ಸರಿಯಲಿ ಎಂದು. ಅಂಥ ಜಾಗಕ್ಕೆ ಪಾಲಿ ತುರುಕಿದರೆ ಆ ಲೆಕ್ಕಾಚಾರವೆಲ್ಲ ಹಾಳು. ದಿನಬಳಕೆಯ ಕಾರಿಗೆ ನಾನು ಹೇಳುವುದು ಇಷ್ಟು: ಆರ್ಮ್‌ಗಳಿಗೆ ಹೊಸ ರಬ್ಬರು, ಎಡಬಲ ಚಕ್ರಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್ ಬುಷ್‌ಗೆ ಬೇಕಾದರೆ ಪಾಲಿ.

ರಬ್ಬರ್ ಬುಷ್ ಹಾಕುವಾಗ ಒಂದು ಹೆಜ್ಜೆಯನ್ನು ಪಕ್ಕದಲ್ಲಿ ನಿಂತೇ ನೋಡಿ. ಇದರ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನದಕ್ಕೂ ಅಂಟಿಕೊಂಡಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಬುಷ್ ತಿರುಗುವುದಿಲ್ಲ, ರಬ್ಬರು ತಿರುಚಿಕೊಳ್ಳುತ್ತದೆ. ಲಿಫ್ಟ್ ಮೇಲೆ ಚಕ್ರ ಜೋತು ಬಿದ್ದಿರುವಾಗಲೇ ಬೋಲ್ಟ್ ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದು ನಿಂತ ಕ್ಷಣದಿಂದಲೇ ಆ ರಬ್ಬರು ತಿರುಚಿದ ಸ್ಥಿತಿಯಲ್ಲಿರುತ್ತದೆ. ಬಹಳ ಕಾಲ ಬಾಳುವ ಬುಷ್ ಬೇಗ ಹರಿದುಹೋಗುತ್ತದೆ. ಬೋಲ್ಟ್‌ಗಳನ್ನು ಸುಮ್ನೆ ಕೈಬಿಗಿ ಮಾಡಿ, ಗಾಡಿಯ ಭಾರ ಚಕ್ರಗಳ ಮೇಲೆ ಬಂದ ಮೇಲೆ ಟಾರ್ಕ್ ವ್ರೆಂಚ್‌ನಿಂದ ಕೊನೆಯ ಬಿಗಿ ಕೊಡಬೇಕು. ಅವಸರದಲ್ಲಿ ಬಿಟ್ಟುಹೋಗುವ ಹೆಜ್ಜೆ ಇದು.

ಶಾಕ್ ಅಬ್ಸಾರ್ಬರ್ ಆಯ್ಕೆ

ಸ್ಪ್ರಿಂಗ್ ಗಾಡಿಯ ಭಾರ ಹೊರುತ್ತದೆ. ಆ ಸ್ಪ್ರಿಂಗ್ ಎಷ್ಟು ಬೇಗ ಕುಗ್ಗಬೇಕು, ಎಷ್ಟು ಬೇಗ ಹಿಗ್ಗಬೇಕು ಎಂದು ನಿಗಾ ಇಡುವುದು ಶಾಕ್. ಬಾನೆಟ್ ಒತ್ತಿ ಬಿಟ್ಟು ನೋಡುವ ಹಳೆಯ ಪರೀಕ್ಷೆ ಇದೆಯಲ್ಲ, ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸವೆದದ್ದು ಪಾಸಾಗಿಬಿಡುತ್ತದೆ. ಹೊರಗೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದೆಯಾ, ಟೈರಿನ ಸುತ್ತ ಅಲ್ಲಲ್ಲಿ ಹಳ್ಳ ಬಿದ್ದ ಹಾಗೆ ಸವೆತ ಇದೆಯಾ ಎಂದು ನೋಡುವುದು ಹೆಚ್ಚು ನಂಬಬಹುದಾದ ಸುಳಿವು.

ಮಾರುಕಟ್ಟೆಯಲ್ಲಿ ಎರಡು ಜಾತಿ ಇವೆ. ಟ್ವಿನ್ ಟ್ಯೂಬ್‌ನಲ್ಲಿ ಕೊಳವೆಯೊಳಗೊಂದು ಕೊಳವೆ. ಅಗ್ಗ, ಮೆತ್ತನೆ ಓಟ, ಹೊರಗಿನ ಕೊಳವೆಗೆ ಕಲ್ಲು ಬಡಿದು ಸ್ವಲ್ಪ ನೆಗ್ಗಿದರೂ ಕೆಲಸ ನಡೆಯುತ್ತದೆ. ಮೋನೊಟ್ಯೂಬ್‌ನಲ್ಲಿ ಒಂದೇ ಕೊಳವೆ. ತೇಲುವ ಪಿಸ್ಟನ್‌ನ ಒಂದು ಕಡೆ ಎಣ್ಣೆ, ಇನ್ನೊಂದು ಕಡೆ ಹೆಚ್ಚು ಒತ್ತಡದ ನೈಟ್ರೋಜನ್. ಎಣ್ಣೆಯಲ್ಲಿ ನೊರೆ ಏಳುವುದು ಕಡಿಮೆ, ಬಿಸಿ ಬೇಗ ಆರುತ್ತದೆ, ಕೆಟ್ಟ ರಸ್ತೆಯಲ್ಲಿ ತುಂಬಾ ಹೊತ್ತು ಓಡಿಸಿದರೂ ಸೋಲುವುದಿಲ್ಲ. ಬಿಲ್‌ಸ್ಟೈನ್ ಕಂಪನಿ 1957ರಲ್ಲಿ ಮರ್ಸಿಡಿಸ್ ಬೆಂಜ್ ಕಾರುಗಳಿಗೆ ಕೊಟ್ಟದ್ದು ಇದೇ ಬಗೆಯದನ್ನು. ಆದರೆ ಸಣ್ಣ ಉಬ್ಬುಗಳಲ್ಲಿ ಸ್ವಲ್ಪ ಗಡಸು ಎನಿಸುತ್ತದೆ, ಕೊಳವೆ ನೆಗ್ಗಿದರೆ ಕೆಲಸ ಕೆಟ್ಟ ಹಾಗೆಯೇ.

ತಿರುಪು ತಿರುಗಿಸಿ ಹದ ಮಾಡುವ ಶಾಕ್‌ಗಳೂ ಇವೆ. ಒಂದೇ ತಿರುಪು ಇರುವ ಹಲವು ಮಾದರಿಗಳಲ್ಲಿ ಮುಖ್ಯವಾಗಿ ಬದಲಾಗುವುದು ಹಿಗ್ಗುವ ದಿಕ್ಕಿನ ತಡೆ. ಅದನ್ನು ಅತಿಯಾಗಿ ಬಿಗಿ ಮಾಡಿದರೆ ಏನಾಗುತ್ತದೆ ಗೊತ್ತಾ? ಸಾಲು ಉಬ್ಬುಗಳ ಮೇಲೆ ಹೋಗುವಾಗ ಕುಗ್ಗಿದ ಸ್ಪ್ರಿಂಗ್ ಪೂರ್ತಿ ಹಿಗ್ಗುವ ಮೊದಲೇ ಮುಂದಿನ ಉಬ್ಬು ಬರುತ್ತದೆ. ಗಾಡಿ ಇಂಚಿಂಚಾಗಿ ಕೆಳಗಿಳಿಯುತ್ತಾ ಬಂಪ್ ಸ್ಟಾಪ್ ಎಂಬ ಕೊನೆಯ ತಡೆ ರಬ್ಬರಿನ ಮೇಲೆ ಕೂತುಬಿಡುತ್ತದೆ. ತಡೆ ಕಡಿಮೆ ಇರುವ ಕಡೆಯಿಂದ ಶುರುಮಾಡಿ, ಓಲಾಟ ನಿಂತ ಕಡೆ ನಿಲ್ಲಿಸಿ.

ಕಾರ್ಖಾನೆಯ ಸ್ಪ್ರಿಂಗನ್ನೇ ಉಳಿಸಿಕೊಂಡು, ಒಂದು ದರ್ಜೆ ಮೇಲಿನ ಒಳ್ಳೆಯ ಶಾಕ್ ಹಾಕಿಸುವುದು ಬಹಳ ಕಾರುಗಳಿಗೆ ಸಾಕು. ಎಡಬಲ ಎರಡನ್ನೂ ಒಟ್ಟಿಗೇ ಬದಲಿಸಿ. ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಯುವ ಟಾಪ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳು ಮುಸುಕು ಇವನ್ನೂ ಜೊತೆಗೇ ಹಾಕಿಸಿ. ಹೇಗೂ ಎಲ್ಲ ಬಿಚ್ಚಿರುತ್ತದೆ, ಅಲ್ವಾ?

ಮನೆಯಲ್ಲೇ ಬಿಚ್ಚುವವರಿಗೆ ಒಂದು ಮಾತು. ಸ್ಟ್ರಟ್ (ಶಾಕ್ ಮತ್ತು ಸ್ಪ್ರಿಂಗ್ ಒಟ್ಟಿಗಿರುವ ಕಂಬ) ಮೇಲಿನ ನಟ್ಟನ್ನು, ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಸಡಿಲಿಸಲೇಬೇಡಿ. ಅದುಮಿಟ್ಟ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಅಪಾಯ. ಒಳ್ಳೆಯ ಕಂಪ್ರೆಸರ್ ಇಲ್ಲದಿದ್ದರೆ ಸ್ಟ್ರಟ್ ಬಿಚ್ಚಿಕೊಂಡು ಗ್ಯಾರೇಜಿಗೆ ಒಯ್ದು, ಆ ಒಂದು ಕೆಲಸವನ್ನು ಅಲ್ಲಿಯೇ ಮಾಡಿಸಿ.

ಅಲೈನ್‌ಮೆಂಟ್, ಆಮೇಲೆ ಸ್ವಲ್ಪ ದಿನ ಸುಮ್ಮನಿರಿ

ಆರ್ಮ್, ಟೈ ರಾಡ್, ಸ್ಟ್ರಟ್ ಬಿಚ್ಚಿದ ಮೇಲೆ ಚಕ್ರಗಳ ಕೋನ ಹೊಂದಿಸುವ ಅಲೈನ್‌ಮೆಂಟ್ ಮಾಡಿಸುವುದು ಕಡ್ಡಾಯ. ಮಾಡಿದ ಮೇಲೆ ಬರುವ ಅಳತೆ ಚೀಟಿ ಕೇಳಿ ಪಡೆಯಿರಿ. ಟೋ, ಅಂದರೆ ಮೇಲಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ತಪ್ಪಿದರೆ ಟೈರು ಬಹಳ ಬೇಗ ಸವೆಯುತ್ತದೆ. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಹೊಂದಿಸಲು ಅವಕಾಶ ಇರುವ ಕಾರಾದರೆ, ಮುಂದಿನ ಚಕ್ರಗಳ ಮೇಲ್ತುದಿ ಮೈನಸ್ 1ರಿಂದ 1.5 ಡಿಗ್ರಿ ಒಳಕ್ಕೆ ವಾಲಿದ್ದರೆ ರಸ್ತೆ ಬಳಕೆಗೆ ಸಾಕು.

ಇಷ್ಟಾದ ಮೇಲೆ ಒಂದಷ್ಟು ವಾರ ಓಡಿಸಿ. ಹಳೆಯ ಚೀಟಿ ತೆಗೆದು ನೋಡಿ. ಅದರಲ್ಲಿದ್ದ ದೂರುಗಳೆಲ್ಲ ಹೊಡೆದುಹೋಗಿದ್ದರೆ ಕೆಲಸ ಮುಗಿಯಿತು, ಮುಂದಿನದನ್ನು ಓದುವ ಅಗತ್ಯವೂ ಇಲ್ಲ.

ಇನ್ನೂ ವಾಲುತ್ತಿದ್ದರೆ ಆ್ಯಂಟಿ ರೋಲ್ ಬಾರ್

ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ಒಟ್ಟು ಎಷ್ಟು ಭಾರ ಸರಿಯುತ್ತದೆ ಎಂಬುದು ಗಾಡಿಯ ಭಾರದ ಎತ್ತರ, ಚಕ್ರಗಳ ನಡುವಿನ ಅಗಲ, ತಿರುವಿನ ವೇಗ ಇವುಗಳ ಮೇಲೆ ನಿಂತಿದೆ. ಬಾರ್ ದಪ್ಪ ಮಾಡಿದರೆ ಆ ಭಾರ ಕಡಿಮೆಯಾಗುವುದಿಲ್ಲ. ಮುಂದೆ ಎಷ್ಟು, ಹಿಂದೆ ಎಷ್ಟು ಎಂಬ ಪಾಲು ಬದಲಾಗುತ್ತದೆ, ವಾಲುವುದು ಕಡಿಮೆಯಾಗುತ್ತದೆ. ಮುಂದಿನ ಚಕ್ರ ಎಳೆಯುವ ಕಾರು ಅಂಡರ್‌ಸ್ಟಿಯರ್ ಆಗುತ್ತಿದ್ದರೆ ಹಿಂದಿನ ಬಾರ್ ಸ್ವಲ್ಪ ದಪ್ಪ ಮಾಡಿ. ಮುಂದಿನದನ್ನು ದಪ್ಪ ಮಾಡಿದರೆ ಅದೇ ದೂರು ಸಾಮಾನ್ಯವಾಗಿ ಇನ್ನೂ ಹೆಚ್ಚುತ್ತದೆ.

‘ಸ್ವಲ್ಪ’ ಎಂದದ್ದಕ್ಕೆ ಕಾರಣ ಇದೆ. ಟೊಳ್ಳಿಲ್ಲದ ಬಾರ್‌ನ ಬಿಗಿ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿಲಿಮೀಟರ್ ಇದ್ದದ್ದು 22 ಆದರೆ ಕಣ್ಣಿಗೆ ವ್ಯತ್ಯಾಸವೇ ಕಾಣದು, ಬಿಗಿ ಮಾತ್ರ ಸುಮಾರು 46 ಶೇಕಡಾ ಜಾಸ್ತಿ. ಹಿಂದೆ ಅತಿ ಮಾಡಿದರೆ ಮಳೆಯಲ್ಲಿ ಹಿಂಭಾಗ ದಿಢೀರನೆ ಜಾರುತ್ತದೆ.

ಕಡೆಗೆ ಸ್ಪ್ರಿಂಗ್

ಸ್ಪ್ರಿಂಗ್ ಕುಸಿದಿದೆಯೇ ಎಂದು ತಿಳಿಯಲು ಸಮತಟ್ಟಾದ ಜಾಗದಲ್ಲಿ ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಸರ್ವಿಸ್ ಪುಸ್ತಕದ ಅಳತೆಗಿಂತ ಕಡಿಮೆ ಇದ್ದರೆ, ಎಡಬಲ ಎದ್ದು ಕಾಣುವಷ್ಟು ವ್ಯತ್ಯಾಸ ಇದ್ದರೆ ಕಾರ್ಖಾನೆ ಅಳತೆಯ ಹೊಸ ಸ್ಪ್ರಿಂಗೇ ಮೊದಲ ಆಯ್ಕೆ.

ಗಟ್ಟಿ ಸ್ಪ್ರಿಂಗ್ ಬೇಕೇ ಬೇಕು ಎಂದರೆ ಎಷ್ಟು ಗಟ್ಟಿ ಎಂದು ಕೇಳಿ. ಬೇರೆಲ್ಲ ಅಷ್ಟೇ ಇದ್ದು, ತಂತಿಯ ದಪ್ಪ 12ರಿಂದ 13 ಮಿಲಿಮೀಟರ್ ಆದರೂ ಸುಮಾರು 38 ಶೇಕಡಾ ಗಟ್ಟಿಯಾಗುತ್ತದೆ. ಕಾರ್ಖಾನೆಯ ಶಾಕ್ ಅಷ್ಟನ್ನು ತಡೆದುಕೊಳ್ಳಲಾರದು, ಆದ್ದರಿಂದ ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ಕೊಳ್ಳಿ. ಹಳೆ ಸ್ಪ್ರಿಂಗಿನ ಸುತ್ತು ಕತ್ತರಿಸಿ ತಗ್ಗಿಸುವ ಕೆಲಸಕ್ಕಂತೂ ಕೈ ಹಾಕಬೇಡಿ. ತುದಿ ಬಟ್ಟಲಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಸರಿಯಬಹುದು.

ತಗ್ಗಿಸಿದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರನ್ನು ಜಾಸ್ತಿ ಇಳಿಸಿದರೆ ಲೋವರ್ ಆರ್ಮ್‌ನ ಚಕ್ರದ ಕಡೆಯ ತುದಿ ಮೇಲಕ್ಕೆ ಏರುತ್ತದೆ. ಆಗ ಗಾಡಿ ವಾಲುವ ಕೇಂದ್ರವು ಭಾರದ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಅಂದರೆ ಗಾಡಿಯನ್ನು ವಾಲಿಸುವ ಒತ್ತಡ ಕಡಿಮೆಯಾಗುವ ಬದಲು ಹೆಚ್ಚುತ್ತದೆ! ಸ್ಟೇರಿಂಗ್ ನೇರ ಇದ್ದರೂ ಉಬ್ಬು ಸಿಕ್ಕಾಗ ಚಕ್ರ ತಾನೇ ತಿರುಗುವ ಕಾಟವೂ ಶುರುವಾಗುತ್ತದೆ. ರಸ್ತೆ ಕಾರಿಗೆ 20–25 ಮಿಲಿಮೀಟರ್ ಇಳಿಸಿದರೆ ಬೇಕಾದಷ್ಟಾಯಿತು.

ಕಾಯಿಲ್‌ಓವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್ ಜೋಡಿ) ಕೂಡ ಇದೇ ಲೆಕ್ಕ. ಟ್ರ್ಯಾಕ್‌ಗೆ ಹೋಗುವವರಿಗೆ, ಪ್ರತಿ ಮೂಲೆಯ ಎತ್ತರ ಹೊಂದಿಸಬೇಕಾದವರಿಗೆ ಅದು ಬೇಕು. ಅಗ್ಗದ ಕಾಯಿಲ್‌ಓವರ್‌ಗಿಂತ ಒಳ್ಳೆಯ ಶಾಕ್ ಮತ್ತು ಮೂಲ ಸ್ಪ್ರಿಂಗ್ ಎಷ್ಟೋ ಮೇಲು. ಎಡಬಲ ಸ್ಟ್ರಟ್‌ಗಳ ಮೇಲ್ತುದಿಗಳನ್ನು ಜೋಡಿಸುವ ಸ್ಟ್ರಟ್ ಬ್ರೇಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಡಿ ಸಡಿಲ ಇರುವ ಹಳೆ ಮಾದರಿಗಳಲ್ಲಿ ಸ್ವಲ್ಪ ಪ್ರಯೋಜನ, ಉಳಿದವಕ್ಕೆ ಬಾನೆಟ್ ತೆಗೆದಾಗ ಅಂದ.

ಎತ್ತರ ಬದಲಿಸುವ ಮೊದಲು ನಿಮ್ಮ ಕಡೆಯ ವಾಹನ ನಿಯಮವನ್ನೂ ಇನ್ಷೂರೆನ್ಸ್ ಷರತ್ತನ್ನೂ ಒಮ್ಮೆ ಓದಿಕೊಳ್ಳಿ. ಹಾಕಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಗ್ಯಾರೇಜಿಗೆ ಹೋಗಿ. ಹೊಸ ಸ್ಪ್ರಿಂಗ್ ಅಷ್ಟರಲ್ಲಿ ತನ್ನ ಜಾಗಕ್ಕೆ ಕೂತಿರುತ್ತದೆ. ಎತ್ತರ ಮತ್ತೆ ಅಳೆಯಿರಿ, ಬೋಲ್ಟ್‌ಗಳ ಬಿಗಿ ನೋಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ.