ಚಿಂದಿ ಬಿಳಿ ಬರುವ ತನಕ

ಕಲಘಟಗಿ ಕಡೆ ನಮ್ಮ ಹೊಲ. ಕಾಡು ಹತ್ತಿರ, ಗೋವಿನಜೋಳಕ್ಕೆ ಹಂದಿ ಕಾಟ. ಅಪ್ಪ ಲೈಸೆನ್ಸ್ ಮಾಡಿಸಿ .315 ರೈಫಲ್ ಇಟ್ಟಿದ್ದರು. ಅವರು ಹೋದ ಮೇಲೆ ಅದು ನನ್ನ ಹೆಸರಿಗೆ ಬಂತು. ಮೊದಲ ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲೇ ಬಿಟ್ಟೆ. ದೀಪಾವಳಿಗೆ ತೆಗೆದರೆ ನಳಿಕೆಯೊಳಗೆ ಕೆಂಪು ಚುಕ್ಕೆಗಳು. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಅದು ನನಗೆ ಗೊತ್ತಿರಲಿಲ್ಲ. ತುಕ್ಕು ಹೋಯಿತು, ಅದು ಕೊರೆದ ಕುಳಿ ಇನ್ನೂ ಇದೆ. ಅಪ್ಪನ ರೈಫಲ್ ಅಲ್ವಾ, ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಈಗ ರೈಫಲ್ ಹೀಗೆ ಸ್ವಚ್ಛ ಮಾಡುತ್ತೇನೆ. ಗುಂಡುಗಳು ಬೇರೆ ಕೋಣೆಗೆ. ಮ್ಯಾಗಜಿನ್ ಖಾಲಿ ಮಾಡಿ, ನಳಿಕೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆದು, ಗುಂಡು ಕೂರುವ ಚೇಂಬರಿಗೆ ಬೆರಳು ಹಾಕಿ ನೋಡುತ್ತೇನೆ. ಕಣ್ಣೊಂದನ್ನೇ ನಂಬುವುದಿಲ್ಲ.

ಚಿಂದಿ ದಾಟಿಸುವ ರಾಡ್ ಹಿಂದಿನಿಂದ, ಅಂದರೆ ಚೇಂಬರ್ ಕಡೆಯಿಂದಲೇ ಹಾಕಬೇಕು. ಗುಂಡು ಹೊರಡುವಾಗ ಕೊನೆಗೆ ಮುಟ್ಟುವುದು ನಳಿಕೆಯ ಬಾಯಿಯ ಅಂಚನ್ನು. ಬಾಯಿಯಿಂದ ರಾಡ್ ತುರುಕಿದರೆ ಆ ಅಂಚು ಸವೆಯುತ್ತದೆ, ಆಮೇಲೆ ಗುರಿ ಕೂರುವುದಿಲ್ಲ. ರಾಡ್ ಒಂದೇ ತುಂಡಿನದಿರಲಿ. ತಿರುಪಿ ಜೋಡಿಸುವ ರಾಡಿನ ಸಂದುಗಳು ಒಳಗೆ ಗೀರುತ್ತವೆ.

ಚಿಂದಿಗೆ ಹಳೆಯ ಬಿಳಿ ಧೋತ್ರವೇ ಸರಿ, ಬಣ್ಣ ತಿಳಿಯುತ್ತದೆ. ಮಸಿ ಕರಗಿಸುವ ಸಾಲ್ವೆಂಟಿನಲ್ಲಿ ಅದ್ದಿ ದಾಟಿಸಿದರೆ ಮೊದಲು ಕಪ್ಪು ಬರುತ್ತದೆ, ಅದು ಮದ್ದಿನ ಮಸಿ. ಕಂಚಿನ ಬ್ರಷ್ಷನ್ನು ಹತ್ತು ಸಲ ಆಡಿಸಿ. ನಡುವೆ ತಿರುಗಿಸಬೇಡಿ, ಪೂರ್ತಿ ಆಚೆ ಬಂದ ಮೇಲೆ ವಾಪಸ್ ಎಳೆಯಿರಿ.

ಕಪ್ಪು ಹೋಯಿತೆಂದು ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಇನ್ನು ಮೇಲೆ. ಗುಂಡಿನ ಹೊದಿಕೆಯ ತಾಮ್ರ ನಳಿಕೆಯೊಳಗೆ ಸುತ್ತಿ ಕೊರೆದ ರೈಫ್ಲಿಂಗ್ ಗೆರೆಗಳಲ್ಲಿ ಅಂಟಿರುತ್ತದೆ. ಬೆಳಕಿಗೆ ಹಿಡಿದರೆ ನಳಿಕೆ ಫಳಫಳ ಅನ್ನುತ್ತದೆ, ತಾಮ್ರ ಸುಲಭಕ್ಕೆ ಕಾಣುವುದಿಲ್ಲ. ತಾಮ್ರ ಬಿಡಿಸುವ ಅಮೋನಿಯಾ ದ್ರಾವಣ ಹಚ್ಚಿ, ಬಾಟಲಿ ಮೇಲೆ ಬರೆದಷ್ಟೇ ಹೊತ್ತು ಬಿಡಿ. ಕಿಟಕಿ ತೆರೆದಿರಲಿ, ವಾಸನೆ ಬಹಳ ಘಾಟು. ಚಿಂದಿ ನೀಲಿಯಾಗಿ ಬಂದರೆ ತಾಮ್ರ ಇದೆ ಎಂದರ್ಥ. ಬಿಳಿಯಾಗಿ ಬರುವ ತನಕ ಮತ್ತೆ ಮತ್ತೆ ಮಾಡಿ. ಈ ಹಂತದಲ್ಲಿ ಕಂಚಿನ ಬ್ರಷ್ ಬೇಡ, ಅದರ ತಾಮ್ರವೇ ಕರಗಿ ನೀಲಿ ತೋರಿಸುತ್ತದೆ. ಕುಳಿ ಬಿದ್ದ ನಳಿಕೆಯಲ್ಲಿ ತಾಮ್ರ ಜಾಸ್ತಿ ಕೂರುತ್ತದೆ. ನನಗೆ ಒಮ್ಮೊಮ್ಮೆ ಇಡೀ ಮಧ್ಯಾಹ್ನ ಹಿಡಿಯುತ್ತದೆ.

ಆಮೇಲೆ ಒಣ ಚಿಂದಿ, ಕೊನೆಗೆ ತೆಳ್ಳಗೆ ಗನ್ ಎಣ್ಣೆ. ಮನೆಯಲ್ಲಿದೆಯೆಂದು ಕುಸುಬಿ ಎಣ್ಣೆ ಹಚ್ಚಬೇಡಿ, ಒಣಗಿ ಅಂಟಾಗುತ್ತದೆ. ಬಾಯಿ ಕೆಳಗೆ ಮಾಡಿ ಬೀಗದ ಕಪಾಟಿನಲ್ಲಿಡಿ, ಎಣ್ಣೆ ಇಳಿದು ಹಿಡಿಯ ಕಟ್ಟಿಗೆಗೆ ಸೇರುವುದಿಲ್ಲ. ಜೂನಿನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ಹೊಲಕ್ಕೆ ಒಯ್ಯುವ ಮುಂಚೆ ಒಂದು ಒಣ ಚಿಂದಿ ದಾಟಿಸಿ ಎಣ್ಣೆ ಒರೆಸಲೇಬೇಕು. ಎಣ್ಣೆ ಉಳಿದಿದ್ದರೆ ಮೊದಲ ಗುಂಡು ಬೇರೆ ಕಡೆ ಹೋಗುತ್ತದೆ, ನಳಿಕೆಯೊಳಗೆ ಒತ್ತಡವೂ ಏರುತ್ತದೆ.